ಗೀಟು ಎಳೆದ ರೇಲು, ಕಡಿತವಾದ ಬಿಲ್ಲು

ರನ್ನ ಬೆಳಗಲಿ: ಈ ಊರಾಗ ನಿಂತವನಿಗೆ ರೇಲು ಹಿಡಿಯಬೇಕೆಂದರೆ ಎರಡು ದಾರಿ. ಮೂಡಲಕ್ಕೆ ಹೋದರೆ ಬಾಗಲಕೋಟ. ಪಡುವಲಕ್ಕೆ ಹೋದರೆ ಘಟಪ್ರಭಾ, ರಾಯಬಾಗ, ಕುಡಚಿ. ಯಾವ ಕಡೆ ಹೋದರೂ ಮೊದಲು ಬಸ್ಸು, ಆಮ್ಯಾಲೆ ರೇಲು. ನಡುವೆ ಮುಧೋಳ, ಬೆಳಗಲಿ, ಮಹಾಲಿಂಗಪುರ, ರಬಕವಿ–ಬನಹಟ್ಟಿ, ತೇರದಾಳ, ಜಮಖಂಡಿ. ಇಷ್ಟೂ ಸೀಮೆ ನೀರಿಗೆ ಬಡವಲ್ಲ, ಕಬ್ಬಿಗೆ ಬಡವಲ್ಲ, ನೇಕಾರಿಕೆಗೆ ಬಡವಲ್ಲ. ರೇಲಿಗೆ ಮಾತ್ರ ಬಡವು.

ಇದು ಇವತ್ತು ನಿನ್ನೆಯ ಮಾತಲ್ಲ. 1876–78ರ ಬರಗಾಲದಲ್ಲಿ ಬಿಜಾಪುರ ಸೀಮೆಯ ಜನ ಅನ್ನವಿಲ್ಲದೆ ಸತ್ತರು. ಬೇರೆ ಕಡೆ ಇದ್ದ ಕಾಳನ್ನು ಇಲ್ಲಿಗೆ ತರಲು ಎತ್ತಿನ ಬಂಡಿ ಬಿಟ್ಟರೆ ಗತಿ ಇರಲಿಲ್ಲ. ಮೇವಿಲ್ಲದೆ ಎತ್ತೂ ಸತ್ತಿದ್ದವು. ಆಮೇಲೆ ಬ್ರಿಟಿಷ್ ಸರಕಾರಕ್ಕೆ ಬುದ್ಧಿ ಬಂತು. ಹೋಟಗಿಯಿಂದ ಬಿಜಾಪುರ, ಬಾಗಲಕೋಟ ಹಾಯಿಸಿ ಗದಗಿಗೆ ಮೀಟರ್ ಗೇಜ್ ಹಳಿ ಹಾಕಿದರು. 1884ರಲ್ಲಿ ಗಾಡಿ ಓಡಿತು. ಆ ಕಡೆ ಲೋಂಡಾ–ಬೆಳಗಾವಿ–ಮೀರಜ ಹಳಿ ಆ ಶತಮಾನ ಮುಗಿಯುವುದರೊಳಗೇ ಬಂತು. ಎರಡು ಹಳಿಗಳ ನಡುವೆ ಉಳಿದದ್ದು ಘೋರ್ಪಡೆಯವರ ಮುಧೋಳ, ಪಟವರ್ಧನರ ಜಮಖಂಡಿ. 1948ರಲ್ಲಿ ಸಂಸ್ಥಾನಗಳು ಹೋದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 1997ರಲ್ಲಿ ಬಾಗಲಕೋಟ ಜಿಲ್ಲೆ ಆಯಿತು. ಹಳಿ ಮಾತ್ರ ಇದ್ದಲ್ಲೇ ಇತ್ತು.

ರಸ್ತೆ, ರೇಲು, ಸೇತುವೆಗೆ ದುಡ್ಡು ಸುರಿದರೆ ನಾಡು ಉದ್ಧಾರ ಆಗತೈತಿ ಎಂದು ಪ್ರತಿ ಭೂಮಿಪೂಜೆಯಲ್ಲಿ ಕೇಳುತ್ತೇವೆ. ಮಾನ್ಯ ಮಂತ್ರಿಗಳು ಗುದ್ದಲಿ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ, ನಾವೂ ಬರೆದು ಹಾಕುತ್ತೇವೆ. ಖರೇ ಆಗತೈತೇನು? ಆದರೆ ಯಾರ ಉದ್ಧಾರ? ಈ ಲೆಕ್ಕ ಕೇಳಲು ಬೆಳಗಲಿಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ನೀರು ಬಂದು, ರಸ್ತೆ ಬಂದು, ರೇಲು ಬರದೇ ಉಳಿದ ಊರಿದು.

ನಕಾಶೆಯ ಮೇಲಿನ ರೇಲು

ಡೇವ್ ಡೊನಾಲ್ಡ್‌ಸನ್ ಎಂಬ ಅರ್ಥಶಾಸ್ತ್ರಜ್ಞ ಬ್ರಿಟಿಷರ ಕಾಲದ ಹಳೇ ದಫ್ತರ ತಿರುವಿ, 1870ರಿಂದ 1930ರವರೆಗೆ ಹಿಂದುಸ್ತಾನದ ಯಾವ ಜಿಲ್ಲೆಗೆ ರೇಲು ಬಂತು, ಬಂದ ಮೇಲೆ ಒಕ್ಕಲುತನದ ಆದಾಯ ಏನಾಯಿತು ಎಂದು ಲೆಕ್ಕ ಹಾಕಿದ್ದಾರೆ. ಅದು 2018ರಲ್ಲಿ ಅಚ್ಚಾಯಿತು. ರೇಲು ಮುಟ್ಟಿದ ಜಿಲ್ಲೆಗಳಲ್ಲಿ ನೈಜ ಆದಾಯ ಸುಮಾರು 16 ಪ್ರತಿಶತ ಏರಿತ್ತು. ಒಂದು ಊರಿನಲ್ಲಿ ಉಪ್ಪು ಸೋವಿ, ಇನ್ನೊಂದು ಊರಿನಲ್ಲಿ ತುಟ್ಟಿ ಎಂಬ ಅಂತರ ಕಡಿಮೆಯಾಗಿತ್ತು.

ಇದಕ್ಕಿಂತ ಮಹತ್ವದ ಮಾತು ಇನ್ನೊಂದಿದೆ. ಆ ಪುಣ್ಯಾತ್ಮ ಕಟ್ಟಿದ ರೇಲುಗಳನ್ನಷ್ಟೇ ನೋಡಲಿಲ್ಲ. ಸರ್ವೆ ಮಾಡಿ, ನಕಾಶೆಯ ಮೇಲೆ ಗೀಟು ಎಳೆದು, ಆಮೇಲೆ ಕಟ್ಟದೇ ಬಿಟ್ಟ ಮಾರ್ಗಗಳನ್ನೂ ಹುಡುಕಿ ನೋಡಿದರು. ಅಲ್ಲಿ ಏನಾಗಿತ್ತು? ಏನೂ ಆಗಿರಲಿಲ್ಲ. ಗೀಟಿನಿಂದ ಒಂದು ದುಗ್ಗಾಣಿಯೂ ಹುಟ್ಟಲಿಲ್ಲ.

ಈಗ ನಮ್ಮ ಗೀಟಿಗೆ ಬರೋಣ. ಬಾಗಲಕೋಟ–ಕುಡಚಿ ಹೊಸ ರೇಲು ಮಾರ್ಗ, ಸುಮಾರು 142 ಕಿ.ಮೀ., 2010–11ರಲ್ಲಿ ಮಂಜೂರಾಯಿತು. ಬಾಗಲಕೋಟದಿಂದ ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳ ಸೀಮೆ ಹಾಯ್ದು ಕುಡಚಿಯಲ್ಲಿ ಮೀರಜ ಹಳಿಗೆ ಕೂಡಬೇಕು. ಖರ್ಚಿನ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಜಮೀನು ರಾಜ್ಯ ಪುಕ್ಕಟೆ ಕೊಡಬೇಕು. ಮೊದಲ 30 ಕಿ.ಮೀ. ಖಜ್ಜಿಡೋಣಿಯವರೆಗೆ ಆಯಿತು. ಅಲ್ಲಿಂದ ಕೆಲಸ ಲೋಕಾಪುರದ ಕಡೆ ಸಾಗಿತು. ಜಮೀನಿನ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಖರ್ಚಿನ ಅಂದಾಜು ಏರಿತು. ಹೋರಾಟ ಸಮಿತಿಯವರು ಧರಣಿ ಕೂತರು, ಮನವಿ ಕೊಟ್ಟರು. ಮಂಜೂರಾಗಿ ಹದಿನೈದು ವರ್ಷ ದಾಟಿದರೂ ಎರಡು ತುದಿ ಇನ್ನೂ ಕೂಡಿಲ್ಲ.

ಒಂದು ಐದಾಂಶ ಹಳಿ ಬಿದ್ದರೆ ಒಂದು ಐದಾಂಶ ಲಾಭ ಬಂತು ಅಂತ ತಿಳೀಬ್ಯಾಡ್ರಿ. ರೇಲಿನ ಲೆಕ್ಕ ಹಾಗಲ್ಲ. ಕಾಲುವೆಯಾದರೆ ಅರ್ಧ ತೋಡಿದರೂ ಅರ್ಧ ಹೊಲಕ್ಕೆ ನೀರು ಹರಿಯುತ್ತದೆ. ರೇಲು ಅರ್ಧಕ್ಕೆ ನಿಂತರೆ ಅದು ಮೊಂಡು ಗಲ್ಲಿ. ಬಾಗಲಕೋಟದ ಕಡೆಯ ಸರಕು ಮೀರಜ, ಕೊಲ್ಲಾಪುರ, ಮುಂಬಯಿ ಕಡೆ ಹತ್ತಿರದ ದಾರಿಯಲ್ಲಿ ಹೋಗುವುದು ಕುಡಚಿಯಲ್ಲಿ ಕೊನೆಯ ಹಳಿ ಜೋಡಿಸಿದ ದಿನವೇ. ಅಲ್ಲಿಯತನಕ ಹೂಡಿದ ದುಡ್ಡು ಬಡ್ಡಿ ತಿನ್ನುತ್ತ ಮಲಗಿರುತ್ತದೆ. ಲೋಕಾಪುರ ಸೀಮೆಯಲ್ಲಿ ಸುಣ್ಣದ ಕಲ್ಲಿದೆ, ಮುದ್ದಾಪುರದಲ್ಲಿ ಜೆ.ಕೆ. ಸಿಮೆಂಟಿನ ದೊಡ್ಡ ಕಾರಖಾನೆ ಇದೆ. ಕಲ್ಲಿದ್ದಲು ತರಿಸಿ ಸಿಮೆಂಟು ಕಳಿಸುವವರಿಗೆ ಮೊಂಡು ಗಲ್ಲಿಯೂ ಕೆಲಸಕ್ಕೆ ಬಂದೀತು. ಬೆಳಗಲಿಯ ಒಕ್ಕಲಿಗನಿಗೆ, ಬನಹಟ್ಟಿಯ ನೇಕಾರನಿಗೆ ಬರುವುದಿಲ್ಲ.

ಇನ್ನೊಂದು ಮಾತು ನೆಟ್ಟಗೆ ಹೇಳಿಬಿಡಬೇಕು. ರೇಲು ಬಂದರೆ ಕಬ್ಬು ರೇಲಿನಲ್ಲಿ ಹೋಗತೈತಿ ಅಂತ ಕೆಲವರು ತಿಳಿದಾರ. ಹೋಗುವುದಿಲ್ಲ. ರೇಲಿನ ಬಾಡಿಗೆ ದೂರಕ್ಕೆ ಸೋವಿ. ಹತ್ತಿರದ ದಾರಿಗೆ, ಹೇರುವ ಇಳಿಸುವ ಹಮಾಲಿಯಲ್ಲೇ ಅಷ್ಟೂ ಉಳಿತಾಯ ತೊಳೆದು ಹೋಗುತ್ತದೆ. ರೇಲು ಹತ್ತುವುದು ಸಕ್ಕರೆ, ಸಿಮೆಂಟು, ಗೋವಿನಜೋಳ. ರೇಲಿನಿಂದ ಇಳಿಯುವುದು ಗೊಬ್ಬರ, ಕಲ್ಲಿದ್ದಲು. ಕಬ್ಬಿನ ಹಣೆಬರಹ ಇರುವುದು ರಸ್ತೆಯಲ್ಲೇ.

ನೀರು ಬಂತು, ಗಾಲಿ ಬಂತು

ಈ ಸೀಮೆಗೆ ಕಬ್ಬು ಸುಮ್ಮನೆ ಬರಲಿಲ್ಲ. ಘಟಪ್ರಭಾ ಎಡದಂಡೆ ಕಾಲುವೆ ಬಂತು, ಹಿಡಕಲ್ ಜಲಾಶಯ ಬಂತು. ಕೃಷ್ಣೆಯ ದಂಡೆಯವರಂತೂ ಸರಕಾರದ ದಾರಿ ಕಾಯಲಿಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ಅದೇ ‘ಶ್ರಮಬಿಂದು ಸಾಗರ’. 1991ರಲ್ಲಿ ಅದೇ ಜನ ಅವರನ್ನು ಲೋಕಸಭೆಗೂ ಕಳಿಸಿದರು, ಅದೂ ರಾಮಕೃಷ್ಣ ಹೆಗಡೆಯವರಂಥವರನ್ನು ಸೋಲಿಸಿ. ರೈತ ತಾನೇ ನೀರು ನಿಲ್ಲಿಸಿಕೊಳ್ಳಬಲ್ಲ, ಇದು ಆಗ ಸಿದ್ಧವಾಯಿತು. ಆದರೆ ಹೆದ್ದಾರಿ, ಸೇತುವೆ, ರೇಲು ವಂತಿಗೆಯಿಂದ ಆಗುವ ಕೆಲಸವಲ್ಲ. ಅಲ್ಲಿ ಸರಕಾರದ ಮಾರಿ ನೋಡಲೇಬೇಕು.

ನೀರಿನ ಬೆನ್ನಿಗೇ ಫ್ಯಾಕ್ಟರಿಗಳು ಬಂದವು. ಮಹಾಲಿಂಗಪುರದ ಹತ್ತಿರ ಸಮೀರವಾಡಿಯಲ್ಲಿ ಎಪ್ಪತ್ತರ ದಶಕದಿಂದಲೂ ಚಿಮಣಿ ಹೊಗೆ ಬಿಡುತ್ತಿದೆ. ಇವತ್ತು ಜಿಲ್ಲೆಯಲ್ಲಿ ಹತ್ತಕ್ಕೂ ಹೆಚ್ಚು ಸಕ್ಕರೆ ಕಾರಖಾನೆಗಳಿವೆ.

ಅದಕ್ಕೂ ಮೊದಲು ಇಲ್ಲಿ ಗಾಣದ ರಾಜ್ಯ ಇತ್ತು. ಯಾಕೆಂದು ವಿಚಾರ ಮಾಡಿದ್ದೀರಾ? ಬೆಲ್ಲದ ರುಚಿಗೆ ಮಾತ್ರ ಅಲ್ಲ, ದಾರಿಯ ಸಲುವಾಗಿ. ಒಂದು ಟನ್ನು ಕಬ್ಬು ಅರೆದರೆ ಒಂದು ಕ್ವಿಂಟಲಿನ ಆಸುಪಾಸು ಬೆಲ್ಲ. ಕೆಸರಿನ ಬಂಡಿಜಾಡಿನಲ್ಲಿ ಹತ್ತು ಪಾಲು ಭಾರ ಎಳೆಯುವುದಕ್ಕಿಂತ ಹೊಲದಲ್ಲೇ ಕಾಯಿಸಿ ಒಂದು ಪಾಲು ಎಳೆಯುವುದು ಜಾಣತನ. ಹಾಗಾಗಿ ಹೊಲಕ್ಕೊಂದು ಗಾಣ, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ರಸ್ತೆ ಕೆಟ್ಟಿದ್ದರಿಂದಲೇ ಉದ್ಯೋಗ ಊರಲ್ಲಿ ಉಳಿದಿತ್ತು ಅಂದರೆ ಯಾರಿಗಾದರೂ ನಗು ಬಂದೀತು. ಆದರೆ ಲೆಕ್ಕ ಹಾಗೇ ಇದೆ.

ಡಾಂಬರು ಬಂತು, ಟ್ರ್ಯಾಕ್ಟರು ಬಂತು, ಹಿಂದೆ ಎರಡು ಟ್ರೇಲರ್ ಬಂದವು. ಕಬ್ಬು ಹೊಲ ಬಿಟ್ಟು ಫ್ಯಾಕ್ಟರಿಯ ದಾರಿ ಹಿಡಿಯಿತು. ಗಾಣಗಳು ಇವತ್ತೂ ಅದಾವ, ಮಹಾಲಿಂಗಪುರದ ಪೇಟೆಯೂ ಐತಿ. ಆದರೆ ಕಬ್ಬಿನ ಮೊದಲ ದಾರಿ ಈಗ ಫ್ಯಾಕ್ಟರಿಗೆ. ರಸ್ತೆ ಅಂದರೆ ಕೇವಲ ಸರಕು ಸಾಗಿಸುವ ಸಾಧನ ಅಲ್ಲ. ಕೆಲಸ ಎಲ್ಲಿ ಆಗಬೇಕು, ಗಳಿಕೆ ಯಾರ ಮನೆಗೆ ಹೋಗಬೇಕು ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಫ್ಯಾಕ್ಟರಿಯಿಂದ ಹೆಚ್ಚು ಕಬ್ಬು ಖರ್ಚಾಯಿತು, ಹೆಚ್ಚು ಎಕರೆ ಹಸಿರಾಯಿತು, ಊರಲ್ಲಿ ಆರ್.ಸಿ.ಸಿ. ಮನೆಗಳೆದ್ದವು. ಇದನ್ನು ಇಲ್ಲ ಅನ್ನುವವನು ಕಣ್ಣು ಮುಚ್ಚಿಕೊಂಡವನು. ಆದರೆ ತಕ್ಕಡಿ ರೈತನ ಕೈಯಿಂದ ಫ್ಯಾಕ್ಟರಿಯ ವೇ–ಬ್ರಿಜ್ಜಿಗೆ ಹೋದದ್ದೂ ಅಷ್ಟೇ ಖರೆ.

(ರನ್ನ ಕವಿ ಬಳೆಗಾರರ ಮನೆತನದವನೆಂದು ಪಂಡಿತರು ಹೇಳುತ್ತಾರೆ. ಬಳೆಯಂಥ ಒಡೆಯುವ ಸರಕು ಹೊತ್ತು ಊರೂರು ತಿರುಗುವವರಿಗೆ ದಾರಿಯ ಬೆಲೆ ಏನೆಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಅವನು ಓದಿನ ಸಲುವಾಗಿ ಇಲ್ಲಿಂದ ಗಂಗರ ನಾಡಿಗೆ ಹೋದದ್ದು ಹತ್ತನೆಯ ಶತಮಾನದಲ್ಲಿ. ಇವತ್ತಿನ ಬೆಳಗಲಿಯ ಹುಡುಗನೂ ಓದಲಿಕ್ಕೆ ಊರು ಬಿಡಬೇಕು. ಬಸ್ಸೊಂದು ಐತಿ, ಅಷ್ಟೇ ಫರಕು.)

ಆ ಎರಡು ಅಂಕಿ

ಈಗ ಮುಖ್ಯ ಮಾತಿಗೆ ಬಂದೆವು. ಕೇಂದ್ರ ಸರಕಾರ ವರ್ಷಾವರ್ಷ ಕಬ್ಬಿಗೆ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್.ಆರ್.ಪಿ. ಹೊರಡಿಸುತ್ತದೆ. 2025–26ರ ಹಂಗಾಮಿಗೆ 10.25 ಪ್ರತಿಶತ ಇಳುವರಿಗೆ ಕ್ವಿಂಟಲಿಗೆ 355 ರೂ., ಅಂದರೆ ಟನ್ನಿಗೆ 3,550 ರೂ. ಪೇಪರಿನಲ್ಲಿ ಓದಿದವನಿಗೆ ಬಾಯಲ್ಲಿ ನೀರು ಬರಬೇಕು. ಆದರೆ ಆ ದರ ಕಾರಖಾನೆಯ ಬಾಗಿಲಿಗೆ ಬಂದು ಬಿದ್ದ ಕಬ್ಬಿಗೆ. ಹೊಲದಿಂದ ಬಾಗಿಲವರೆಗಿನ ಖರ್ಚು, ಕಡಿಯುವ ಗ್ಯಾಂಗಿನ ಕೂಲಿ ಮತ್ತು ಟ್ರ್ಯಾಕ್ಟರಿನ ಬಾಡಿಗೆ, ರೈತನ ತಲೆಯ ಮೇಲೆ. ಅದನ್ನು ಫ್ಯಾಕ್ಟರಿ ಮುರಿದುಕೊಂಡೇ ಬಿಲ್ಲು ಮಾಡುತ್ತದೆ. ‘ಕಟಾವು–ಸಾಗಾಣಿಕೆ’ ಎಂದು ಅದಕ್ಕೆ ಹೆಸರು.

2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕೂತು ಟನ್ನಿಗೆ 3,500 ರೂ. ಕೇಳಿದಾಗ ಮಾತಿನ ಗಂಟು ಇಲ್ಲೇ ಇತ್ತು: ಕಟಾವು–ಸಾಗಾಣಿಕೆ ಸೇರಿಸಿಯೋ, ಬಿಟ್ಟೋ? ಕಡೆಗೆ ರಾಜ್ಯ ಸರಕಾರ 11.25 ಇಳುವರಿಯ ಕಬ್ಬಿಗೆ, ಕಟಾವು–ಸಾಗಾಣಿಕೆ ಬಿಟ್ಟು, 3,300 ರೂ. ಎಂದು ಸಾರಿತು. ಮುಧೋಳ ಭಾಗದ ರೈತರು ಅದಕ್ಕೆ ಒಪ್ಪಲಿಲ್ಲ. ನವೆಂಬರ್ 13ರಂದು ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತ ಟ್ರ್ಯಾಕ್ಟರ್ ಟ್ರೇಲರುಗಳು ಬೆಂಕಿಗೆ ಸುಟ್ಟವು. ಬೆಂಕಿ ಇಟ್ಟವರು ಯಾರು ಎಂಬುದು ಪೊಲೀಸರ ಕೆಲಸ. ಕಬ್ಬು ಮಾತ್ರ ರೈತರದ್ದು, ಟ್ರ್ಯಾಕ್ಟರು ಸಾಲದ್ದು.

ರಸ್ತೆಗೂ ಈ ಬಿಲ್ಲಿಗೂ ಏನು ಸಂಬಂಧ ಅಂದ್ರ, ಕೇಳ್ರಿ. ನಾವು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವರು, ಅರ್ಥಶಾಸ್ತ್ರದ ದಪ್ಪ ಪುಸ್ತಕ ನಮಗೆ ದಕ್ಕಲಿಕ್ಕಿಲ್ಲ, ಗುಣಾಕಾರ ಬರತೈತಿ. ಒಳ್ಳೆಯ ರಸ್ತೆ ಆದರೆ ಡೀಸೆಲ್ಲು ಉಳಿಯುತ್ತದೆ, ಟೈರು ಉಳಿಯುತ್ತದೆ, ದಿನಕ್ಕೆ ಒಂದು ಖೇಪಿನ ಜಾಗದಲ್ಲಿ ಎರಡು ಖೇಪು ಆಗುತ್ತದೆ. ಲೆಕ್ಕಕ್ಕೆಂದು ಟನ್ನಿಗೆ 50 ರೂ. ಉಳಿಯಿತೆಂದು ಹಿಡಿಯೋಣ. ಎಕರೆಗೆ 40 ಟನ್ನು ಬೆಳೆದವನಿಗೆ ಅದು 2,000 ರೂ. ಐದು ಎಕರೆ ಇದ್ದವನಿಗೆ 10,000 ರೂ. ಸಣ್ಣ ಮಾತಲ್ಲ, ಮಗಳ ಕಾಲೇಜಿನ ಫೀ ಹೋಗುತ್ತದೆ. ಸರಕಾರ ರಸ್ತೆಗೆ ಹಾಕಿದ ಕೋಟಿಗಳು ಊರಿನ ಗಳಿಕೆ ಆಗುವುದು ಹೀಗೆ.

ಆಗುತ್ತದೆಯೇ? ಆ 50 ರೂ. ಮೂವರ ನಡುವೆ ನಿಂತಿದೆ. ಟ್ರ್ಯಾಕ್ಟರ್ ಮಾಲೀಕ ಒಬ್ಬ, ಫ್ಯಾಕ್ಟರಿ ಒಬ್ಬ, ರೈತ ಒಬ್ಬ. ಡೀಸೆಲ್ ಏರಿದ ವರ್ಷ ಸಾಗಾಣಿಕೆ ದರ ಏರುವುದನ್ನು ಎಲ್ಲರೂ ಕಂಡಿದ್ದಾರೆ. ರಸ್ತೆ ಸುಧಾರಿಸಿದ ವರ್ಷ ದರ ಇಳಿದದ್ದನ್ನು ಕಂಡವರು ಇದ್ದರೆ ಈ ಪತ್ರಿಕೆಗೆ ಬರೆದು ತಿಳಿಸಲಿ, ಮೊದಲ ಪುಟದಲ್ಲಿ ಹಾಕುತ್ತೇವೆ.

ಟ್ರ್ಯಾಕ್ಟರಿನವನನ್ನೂ ಬೈಯುವ ಹಾಗಿಲ್ಲ. ರಸ್ತೆಯಲ್ಲಿ ಉಳಿಸಿದ ಹೊತ್ತನ್ನು ಅವನು ಫ್ಯಾಕ್ಟರಿಯ ಅಂಗಳದಲ್ಲಿ ಕಳೆಯುತ್ತಾನೆ. ಹಂಗಾಮು ಜೋರಾದಾಗ ಸಾಲು ನೋಡಬೇಕು. ಟ್ರೇಲರಿನ ಹಿಂದೆ ಟ್ರೇಲರು, ಡ್ರೈವರು ಗಾಲಿಯ ಕೆಳಗೆ ಚಾದರ ಹಾಸಿ ಮಲಗಿರುತ್ತಾನೆ. ಕಡಿದ ಕಬ್ಬು ಒಂದು ದಿನ ದಾಟಿದರೆ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ತೂಕ ಇಳಿದದ್ದು ರೈತನ ಲೆಕ್ಕಕ್ಕೆ. ಕೋಟಿ ಖರ್ಚು ಮಾಡಿ ಅಗಲ ಮಾಡಿದ ಹೆದ್ದಾರಿ ಆ ಗೇಟಿನ ಮುಂದೆ ಬಂದು ಮೊಣಕಾಲೂರುತ್ತದೆ.

ಮತ್ತೆ ರಸ್ತೆಯಾದರೂ ಎಷ್ಟು ದಿನ ಬಾಳುತ್ತದೆ? ಅಮೇರಿಕದ ಇಲಿನಾಯ್ಸ್ ರಾಜ್ಯದಲ್ಲಿ 1958ರಿಂದ 60ರವರೆಗೆ ಲಾರಿಗಳನ್ನು ಒಂದೇ ಸಮನೆ ಓಡಿಸಿ ಪರೀಕ್ಷೆ ಮಾಡಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡು ಪಟ್ಟಲ್ಲ, ಹದಿನಾರು ಪಟ್ಟಿನ ಹತ್ತಿರ ಎಂದು ಆಗ ತಿಳಿಯಿತು. ಟ್ರೇಲರಿಗೆ ಇನ್ನೊಂದೆರಡು ಟನ್ನು ಹೇರಿದವನ ಕಿಸೆಗೆ ನೂರು ರೂಪಾಯಿ ಬಂದರೆ, ಹಾಳಾದ ರಸ್ತೆಯ ರಿಪೇರಿ ಎಲ್ಲರ ತೆರಿಗೆಯಿಂದ. ನಾಳೆ ಅದೇ ತಗ್ಗಿನಲ್ಲಿ ಅವನದೇ ಟ್ರೇಲರು ಪಲ್ಟಿ ಹೊಡೆಯುತ್ತದೆ. ಹೊಸ ರಸ್ತೆಗೆ ಗುದ್ದಲಿ ಪೂಜೆ ಉಂಟು, ತಗ್ಗು ತುಂಬುವುದಕ್ಕೆ ಪೂಜೆ ಇಲ್ಲ. ಆದ್ದರಿಂದಲೇ ಅದಕ್ಕೆ ದುಡ್ಡೂ ಇಲ್ಲ.

ಸೇತುವೆ ಮುಳುಗಿದ ದಿನ

2019ರ ಆಗಸ್ಟ್ ನೆನಪು ಮಾಡಿಕೊಳ್ಳಿರಿ. ಘಟಪ್ರಭೆ ಉಕ್ಕಿದಾಗ ಢವಳೇಶ್ವರ ಸೇತುವೆ ನೀರಿನೊಳಗೆ, ಯಾದವಾಡ ಸೇತುವೆ ನೀರಿನೊಳಗೆ. ಅದು ಒಂದೇ ವರ್ಷದ ಕಥೆಯೂ ಅಲ್ಲ. ಹೊಳೆ ತುಂಬಿ ಬಂದಾಗೆಲ್ಲ ಮೊದಲು ಮುಳುಗುವ ಹೆಸರುಗಳು ಇವೇ. ಹೊಳೆಯ ಆಚೆ ಕಣ್ಣಿಗೆ ಕಾಣುವ ಊರಿಗೆ ಸುತ್ತು ಹೊಡೆದು ಹೋಗಬೇಕು. ಹಾಲು ಕೆಡುತ್ತದೆ, ಕಾಯಿಪಲ್ಲೆ ಕೊಳೆಯುತ್ತದೆ, ಹೆರಿಗೆಯ ಹೆಂಗಸನ್ನು ಟ್ರ್ಯಾಕ್ಟರಿನಲ್ಲಿ ಕೂಡ್ರಿಸಿ ಸುತ್ತಿಸಬೇಕು. ಕೃಷ್ಣೆಯ ಮೇಲೆ ರಬಕವಿ–ಮಹಿಷವಾಡಗಿ ಸೇತುವೆಯ ಕೂಗು ಎಷ್ಟು ಹಳೆಯದೆಂದು ಆ ದಂಡೆಯ ಮುದುಕರನ್ನು ಕೇಳಬೇಕು. ನೂರು ಕಿ.ಮೀ. ರಸ್ತೆ ಸಿಮೆಂಟಿನದೇ ಇರಲಿ, ನಡುವಿನ ಒಂದು ಸೇತುವೆ ವರ್ಷದಲ್ಲಿ ಹತ್ತು ದಿನ ಮುಳುಗಿದರೆ ವ್ಯಾಪಾರಸ್ಥ ಆ ಹತ್ತು ದಿನದ ಭಯದ ಮೇಲೆಯೇ ದರ ಕಟ್ಟುತ್ತಾನೆ. ನಮ್ಮ ಅಭಿಪ್ರಾಯ ಕೇಳಿದರೆ, ಇದ್ದ ರಸ್ತೆಯನ್ನು ಇನ್ನಷ್ಟು ಅಗಲ ಮಾಡುವ ಮೊದಲು ಈ ಸೇತುವೆಗಳನ್ನು ಎರಡಾಳು ಎತ್ತರ ಮಾಡಬೇಕು. ಕಂತ್ರಾಟುದಾರರಿಗೆ ಇದು ರುಚಿಸಲಿಕ್ಕಿಲ್ಲ.

ಊರೊಳಗಿನ ಸಣ್ಣ ರಸ್ತೆಗಳದ್ದು ಬೇರೆಯೇ ಕಥೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಏನಾಯಿತೆಂದು ಸ್ಯಾಮ್ ಆಶರ್, ಪಾಲ್ ನೊವೊಸಾಡ್ ಎಂಬಿಬ್ಬರು ದೇಶದ ಸಾವಿರಾರು ಹಳ್ಳಿಗಳ ಲೆಕ್ಕ ತೆಗೆದು 2020ರಲ್ಲಿ ಬರೆದರು. ರಸ್ತೆ ಬಂದ ಹಳ್ಳಿಯಲ್ಲಿ ಬೆಳೆ ಅಷ್ಟೇನೂ ಹೆಚ್ಚಲಿಲ್ಲ, ಮನೆಯ ಗಳಿಕೆಯೂ ಅಷ್ಟೇನೂ ಏರಲಿಲ್ಲ. ದೊಡ್ಡ ಬದಲಾವಣೆ ಆದದ್ದು ಒಂದೇ, ಹೊಲದ ಕೆಲಸ ಬಿಟ್ಟು ಹೊರಗಿನ ಕೂಲಿಗೆ ಹೋಗುವವರು ಹೆಚ್ಚಾದರು. ನಮ್ಮ ಕಡೆ ಇದು ಹೊಸ ಸುದ್ದಿಯೇ? ಬೆಳಿಗ್ಗೆ ಬಸ್ಸು, ಟಂಟಂ ತುಂಬಿ ಮುಧೋಳಕ್ಕೆ, ಮಹಾಲಿಂಗಪುರಕ್ಕೆ ಹೋಗುವವರನ್ನು ನೋಡಿರಿ. ಅಂಗಡಿಯ ಹುಡುಗರು, ಗೌಂಡಿ ಕೆಲಸದವರು, ಫ್ಯಾಕ್ಟರಿಯ ದಿನಗೂಲಿಗಳು. ಹೊಲ ಇಲ್ಲದವನಿಗೆ ರಸ್ತೆ ಅಂದರೆ ಇನ್ನೊಬ್ಬ ಮಾಲೀಕನ ಮನೆಯ ದಾರಿ. ಊರಿನ ಗೌಡ ಕೊಟ್ಟಷ್ಟಕ್ಕೆ ಒಪ್ಪಬೇಕಾದ ಕಾಲ ಹೋಯಿತು. ಹೊಲದ ಕೆಲಸಕ್ಕೆ ಆಳು ಸಿಗವಲ್ಲರು ಎಂದು ದೊಡ್ಡ ಒಕ್ಕಲಿಗರು ಗೊಣಗುತ್ತಾರಲ್ಲ, ಆ ಗೊಣಗಾಟವೇ ಬಡವನ ಪಾಲಿನ ಪ್ರಗತಿ. ಇದನ್ನು ಯಾವ ಮಂತ್ರಿಯೂ ಭಾಷಣದಲ್ಲಿ ಹೇಳುವುದಿಲ್ಲ, ಯಾಕಂದ್ರ ಮುಂದಿನ ಸಾಲಿನಲ್ಲಿ ಕೂತವರು ದೊಡ್ಡ ಒಕ್ಕಲಿಗರೇ.

ರಬಕವಿ–ಬನಹಟ್ಟಿಯ ಮಗ್ಗದವರ ಅಡಚಣಿಯೂ ದಾರಿಗೇ ಬಂದು ನಿಲ್ಲುತ್ತದೆ. ನೂಲು ಹೊರಗಿಂದ ಬರಬೇಕು, ಸೀರೆ ಹೊರಗೆ ಹೋಗಬೇಕು. ಎರಡೂ ಸಲ ಲಾರಿ ಬಾಡಿಗೆ. ಹಳಿಯ ಪಕ್ಕದಲ್ಲೇ ಇರುವ ಪೇಟೆಯ ಮಾಲಿನ ಜೊತೆ ಇವರ ಸೀರೆ ಅದೇ ದರಕ್ಕೆ ನಿಲ್ಲಬೇಕು. ಬಾಡಿಗೆಯ ಕೊರತೆಯನ್ನು ನೇಕಾರ ತನ್ನ ಮಜೂರಿಯಲ್ಲಿ ಕಡಿಮೆ ಮಾಡಿಕೊಂಡು ತುಂಬುತ್ತಾನೆ.

ಬರುವ ಹಂಗಾಮಿಗೆ ಮುಂಚೆ ಜಿಲ್ಲಾಧಿಕಾರಿಗಳು ಕಾರಖಾನೆಯವರನ್ನೂ ರೈತ ಮುಖಂಡರನ್ನೂ ಕೂಡಿಸಿ ಸಭೆ ಮಾಡುತ್ತಾರೆ, ಚಹಾ ಬಿಸ್ಕೀಟು ಆಗುತ್ತದೆ. ಆ ಸಭೆಯಲ್ಲಿ ಕೇಳಬೇಕಾದದ್ದು ಟನ್ನಿನ ದರ ಒಂದೇ ಅಲ್ಲ. ಬಿಲ್ಲಿನಲ್ಲಿ ಕಟಾವು ಬೇರೆ, ಸಾಗಾಣಿಕೆ ಬೇರೆ, ಎರಡು ಅಂಕಿ ಬಿಡಿಬಿಡಿಯಾಗಿ ಬರೆಯಲಿ. ಎಷ್ಟು ಕಿಲೋಮೀಟರಿಗೆ ಎಷ್ಟು ಬಾಡಿಗೆ ಎಂದು ಗೇಟಿನ ಮೇಲೆ ಕನ್ನಡದಲ್ಲಿ ಬೋರ್ಡು ಹಾಕಲಿ. ಗೇಟಿಗೆ ಬಂದ ಹೊತ್ತು, ಖಾಲಿಯಾದ ಹೊತ್ತು ಎರಡನ್ನೂ ತೂಕದ ಚೀಟಿಯ ಮೇಲೆ ಒತ್ತಲಿ. ಇದಕ್ಕೆ ಕೋಟಿ ಬೇಡ, ಟೆಂಡರು ಬೇಡ, ರೇಲ್ವೆ ಬೋರ್ಡಿನ ಒಪ್ಪಿಗೆಯೂ ಬೇಡ. ಕುಡಚಿಯ ಹಳಿ ಕೂಡುವುದರೊಳಗೆ ಇಷ್ಟಾದರೂ ಆದೀತೇ ಎಂದು ಬೆಳಗಲಿಯ ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದಾರೆ. ಕಳೆದ ಹಂಗಾಮಿನ ಬಿಲ್ಲು ಇನ್ನೂ ಕಿಸೆಯಲ್ಲೇ ಐತಿ, ಬೇಕಾದವರು ಹೋಗಿ ನೋಡಬಹುದು.